ಎಡಗೈ ಬೌಲರ್ ಹೆಡ್ಲಿ ವೆರಿಟಿ

 

ನಾನು ಎಡಚ ಅನ್ನೋದು ನಿಮಗೆಲ್ಲ ಗೊತ್ತು. ಜೋರಾಗಿ ಬೌಲಿಂಗ್ ಮಾಡೋಕೆ ನನಗೆ ಬರಲ್ಲ. ಅದಕ್ಕೇ ಟೀಮಿನಲ್ಲಿ ನಾನು ಯಾವಾಗಲೂ ಹನ್ನೆರಡನೆಯವನು. ಬೇಲಿಯಾಚೆ ಹೋದ ಚೆಂಡು ತರೋದೇ ನನ್ನ ಕೆಲಸ. ಬೇಜಾರಾಗಿ ಆಟವನ್ನೇ ಬಿಡೋಣ ಅಂತಿದ್ದೆ. ಆಗ ಹೆಡ್ಲಿ ವೆರಿಟಿಯವರ ಕಥೆ ಓದಿದೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ವೆರಿಟಿ ಹುಟ್ಟಿದ್ದು 1905ರ ಮೇ 18ರಂದು, ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಅವರ ಕೌಂಟಿ ಯಾರ್ಕ್‌ಷೈರ್. ಆ ತಂಡದಲ್ಲಿ ವಿಲ್‌ಫ್ರೆಡ್ ರೋಡ್ಸ್ ಎಂಬ ಮಹಾನ್ ಎಡಗೈ ಸ್ಪಿನ್ನರ್ 1898ರಿಂದಲೂ ಆಡುತ್ತಿದ್ದರು. ಅವರಿರುವಾಗ ಇನ್ನೊಬ್ಬ ಎಡಗೈಯವನಿಗೆ ಜಾಗವೆಲ್ಲಿ? ವಾರ್ವಿಕ್‌ಷೈರ್ ಕೌಂಟಿಗೆ ಹೋಗಿ ಬೌಲಿಂಗ್ ಮಾಡಿ ತೋರಿಸಿದರು. ಅವರೂ ಬೇಡ ಅಂದರು. ವೆರಿಟಿ ಸಣ್ಣ ಕ್ಲಬ್ಬುಗಳಲ್ಲಿ ಆಡುತ್ತಾ ಕಾದರು. ಯಾರ್ಕ್‌ಷೈರ್ ತಂಡಕ್ಕೆ ಬಂದದ್ದು 1930ರಲ್ಲಿ, 25ನೇ ವಯಸ್ಸಿಗೆ.

ಮರುವರ್ಷ ತಮ್ಮ ಹುಟ್ಟಿದ ದಿನದಂದೇ 36 ರನ್ನಿಗೆ ಹತ್ತೂ ವಿಕೆಟ್ ಕಿತ್ತರು. ಎದುರಾಳಿ ಯಾರು ಗೊತ್ತೇ? ಬೇಡ ಅಂದಿದ್ದ ಅದೇ ವಾರ್ವಿಕ್‌ಷೈರ್! 1932ರಲ್ಲಿ ನಾಟಿಂಗ್‌ಹ್ಯಾಮ್‌ಷೈರ್ ವಿರುದ್ಧ 19.4 ಓವರ್, 16 ಮೇಡನ್, 10 ರನ್, 10 ವಿಕೆಟ್. ಅದರಲ್ಲೊಂದು ಹ್ಯಾಟ್ರಿಕ್ ಬೇರೆ! 1934ರಲ್ಲಿ ನಮ್ಮ ಮದರಾಸಿಗೂ ಬಂದು ಭಾರತದ ವಿರುದ್ಧ 11 ವಿಕೆಟ್ ಪಡೆದರು. ಅದೇ ವರ್ಷ ಲಾರ್ಡ್ಸ್‌ನಲ್ಲಿ ಆಸ್ಟ್ರೇಲಿಯಾದ 15 ವಿಕೆಟ್ ಅವರದ್ದೇ. ಆ ಪೈಕಿ 14 ಒಂದೇ ದಿನದಲ್ಲಿ. ಬ್ರಾಡ್ಮನ್ನರನ್ನೇ ಎರಡೂ ಸಲ ಔಟ್ ಮಾಡಿದರು.

1939ರ ಸೆಪ್ಟೆಂಬರ್ 1ರಂದು ಸಸೆಕ್ಸ್ ವಿರುದ್ಧ 9 ರನ್ನಿಗೆ 7 ವಿಕೆಟ್ ಪಡೆದರು. ಅದೇ ದಿನ ಜರ್ಮನಿ ಪೋಲೆಂಡಿನ ಮೇಲೆ ನುಗ್ಗಿತ್ತು. ಅದೇ ಅವರ ಕೊನೆಯ ಕೌಂಟಿ ಪಂದ್ಯ. ಹತ್ತೇ ವರ್ಷದಲ್ಲಿ ಒಟ್ಟು 1956 ವಿಕೆಟ್!

ವೆರಿಟಿ ಸೈನ್ಯ ಸೇರಿ ಕ್ಯಾಪ್ಟನ್ ಆದರು. 1943ರ ಜುಲೈನಲ್ಲಿ ಸಿಸಿಲಿ ದ್ವೀಪದಲ್ಲಿ ರಾತ್ರಿ ಯುದ್ಧ. ಸುತ್ತಲಿನ ಪೈರಿಗೆ ಬೆಂಕಿ ಬಿದ್ದಿತ್ತು. ಎದೆಗೆ ಏಟು ಬಿದ್ದರೂ ತಮ್ಮ ಸೈನಿಕರಿಗೆ ಮುಂದೆ ಸಾಗಿ ಅಂತಲೇ ಹೇಳಿದರಂತೆ. ಶತ್ರುಗಳ ಕೈಗೆ ಸೆರೆಸಿಕ್ಕಿ, ಜುಲೈ 31ರಂದು ಇಟಲಿಯ ಕಸೆರ್ಟಾದಲ್ಲಿ ತೀರಿಕೊಂಡರು. ಆಗ ಅವರಿಗೆ ಬರೀ 38 ವರ್ಷ. ಇದನ್ನು ಓದುವಾಗ ನನಗೆ ಗಂಟಲು ಕಟ್ಟಿ ಬಂತು.

ಕಾಯುವುದು ಅಂದರೆ ಸುಮ್ಮನೆ ಕೂರೋದಲ್ಲ ಅಂತ ನನಗೀಗ ಗೊತ್ತಾಗಿದೆ. ದಿನಾ ಸಂಜೆ ನೆಲದ ಮೇಲೆ ಹೆಂಚಿನ ಚೂರಿಟ್ಟು, ಅದಕ್ಕೇ ಬೀಳುವಂತೆ 50 ಸಲ ಚೆಂಡು ಹಾಕುತ್ತಿದ್ದೇನೆ. ಮೊದಮೊದಲು ಎರಡು ಬೀಳುತ್ತಿತ್ತು, ನಿನ್ನೆ ಹನ್ನೊಂದು ಬಿತ್ತು.

ಕ್ಯಾಪ್ಟನ್, ಬರೋ ಶನಿವಾರ ನನಗೂ ಒಂದು ಓವರ್ ಕೊಡ್ತೀಯಾ?

– ಒಂಬತ್ತನೇ ತರಗತಿಯ ಎಡಚ