ಜಾರ್ಜ್ ಕ್ರೀಲ್
ಜಾರ್ಜ್ ಕ್ರೀಲ್ (ಡಿಸೆಂಬರ್ 1, 1876 – ಅಕ್ಟೋಬರ್ 2, 1953) ಅಮೆರಿಕದ ಪತ್ರಕರ್ತರು. ಮೊದಲನೆಯ ಮಹಾಯುದ್ಧದ ಅವಧಿಯಲ್ಲಿ ಅಲ್ಲಿನ ಸರ್ಕಾರದ ಸಾರ್ವಜನಿಕ ಮಾಹಿತಿ ಸಮಿತಿಯ ಅಧ್ಯಕ್ಷರಾಗಿದ್ದರು. ಮಿಸೌರಿ ರಾಜ್ಯದಲ್ಲಿ ಜನಿಸಿದ ಇವರು ಕಾನ್ಸಾಸ್ ಸಿಟಿ ಮತ್ತು ಡೆನ್ವರ್ ನಗರಗಳಲ್ಲಿ ರಾಜಕೀಯ ಭ್ರಷ್ಟಾಚಾರದ ವಿರುದ್ಧ ಬರೆದು ಹೆಸರು ಗಳಿಸಿದರು.

1917ರ ಏಪ್ರಿಲ್‌ನಲ್ಲಿ ಅಮೆರಿಕ ಯುದ್ಧಕ್ಕಿಳಿದಾಗ ಸೇನೆಯು ಪತ್ರಿಕೆಗಳ ಮೇಲೆ ಕಠಿಣ ನಿರ್ಬಂಧವನ್ನು ಬಯಸಿತ್ತು. ಸುದ್ದಿಯನ್ನು ಹತ್ತಿಕ್ಕುವುದಕ್ಕಿಂತ ಸರ್ಕಾರವೇ ಅದನ್ನು ಹೇರಳವಾಗಿ ಒದಗಿಸುವುದು ಮೇಲೆಂದು ಕ್ರೀಲ್ ವಾದಿಸಿದರು. ಅಧ್ಯಕ್ಷ ವುಡ್ರೊ ವಿಲ್ಸನ್ ಸಮಿತಿಯನ್ನು ರಚಿಸಿ ಇವರಿಗೆ ವಹಿಸಿದರು.

ಸಮಿತಿಯ ಕೆಲಸಗಳಲ್ಲಿ ಜನರನ್ನು ನೇರವಾಗಿ ಮುಟ್ಟಿದ್ದು ನಾಲ್ಕು ನಿಮಿಷದ ಭಾಷಣ. ರೇಡಿಯೊ ಇನ್ನೂ ಮನೆಮನೆಗೆ ಬಂದಿರದ ಆ ಕಾಲದಲ್ಲಿ, ಚಿತ್ರಮಂದಿರದಲ್ಲಿ ರೀಲು ಬದಲಿಸುವಷ್ಟು ಹೊತ್ತು ಊರಿನ ಸ್ವಯಂಸೇವಕರೊಬ್ಬರು ಎದ್ದುನಿಂತು ಸೇನಾ ನೇಮಕಾತಿ, ಯುದ್ಧ ಸಾಲಪತ್ರ, ಆಹಾರದ ಮಿತಬಳಕೆ ಕುರಿತು ಮಾತನಾಡುತ್ತಿದ್ದರು. ವಿಷಯ ವಾಷಿಂಗ್ಟನ್ನಿನಿಂದ ಬರುತ್ತಿತ್ತು, ದನಿ ಮಾತ್ರ ಪರಿಚಿತರದು. ಇಂಥ ಭಾಷಣಕಾರರ ಸಂಖ್ಯೆ ಸುಮಾರು 75,000.

ನಿಜಾಂಶಗಳನ್ನಷ್ಟೇ ನೀಡುವುದಾಗಿ ಹೊರಟ ಸಮಿತಿಯ ಪ್ರಚಾರದಲ್ಲಿ ಜರ್ಮನ್ನರು ಕ್ರಮೇಣ ರಾಕ್ಷಸರಾದರು. ಆ ವಾತಾವರಣದಲ್ಲಿ ಅನೇಕ ಶಾಲೆಗಳು ಜರ್ಮನ್ ಭಾಷೆಯ ಬೋಧನೆಯನ್ನೇ ನಿಲ್ಲಿಸಿದವು. ಜರ್ಮನ್ ಮೂಲದ ನಾಗರಿಕರು ಕಿರುಕುಳಕ್ಕೆ ಒಳಗಾದರು. ಇದೆಲ್ಲದರ ಹೊಣೆ ಕ್ರೀಲ್ ಒಬ್ಬರದೇ ಅಲ್ಲವಾದರೂ ಸಮಿತಿಯ ಪಾಲು ಸಣ್ಣದಲ್ಲ. ರಷ್ಯಾದ ಬೋಲ್ಶೆವಿಕ್ ನಾಯಕರು ಜರ್ಮನಿಯ ಏಜೆಂಟರೆಂದು ಬಿಂಬಿಸುವ ದಾಖಲೆಗಳನ್ನು 1918ರಲ್ಲಿ ಸಮಿತಿ ಪ್ರಕಟಿಸಿತು. ಅವು ನಕಲಿಯೆಂದು ಜಾರ್ಜ್ ಕೆನನ್ 1956ರಲ್ಲಿ ತೋರಿಸಿಕೊಟ್ಟರು.

ಸಮಿತಿ 1919ರಲ್ಲಿ ವಿಸರ್ಜನೆಯಾಯಿತು. 1934ರಲ್ಲಿ ಕ್ರೀಲ್ ಕ್ಯಾಲಿಫೋರ್ನಿಯಾದ ಗವರ್ನರ್ ಸ್ಥಾನಕ್ಕೆ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾಗಲು ಪ್ರಯತ್ನಿಸಿ, ಕಾದಂಬರಿಕಾರ ಅಪ್ಟನ್ ಸಿಂಕ್ಲೇರ್ ಎದುರು ಸೋತರು. ಎರಡನೆಯ ಮಹಾಯುದ್ಧದಲ್ಲಿ ಇದೇ ಬಗೆಯ ಕಚೇರಿಯ ಹೊಣೆ ಎಲ್ಮರ್ ಡೇವಿಸ್ ಅವರದಾಯಿತು.