ಗಾಳಿಯ ಲೆಕ್ಕ ಬರೆದ ವಿಲ್ಲಿಸ್ ಕ್ಯಾರಿಯರ್

ನಮ್ಮ ಮನೆಯಲ್ಲಿ ಕ್ಯಾರಿಯರ್ ಎಂದರೆ ಅಬ್ಬಾ ಕೆಲಸಕ್ಕೆ ಒಯ್ಯುವ ಊಟದ ಡಬ್ಬಿ. ಅದು ಒಬ್ಬ ಮನುಷ್ಯನ ಹೆಸರೂ ಹೌದು ಎಂದು ನನಗೆ ಗೊತ್ತಾದದ್ದು ಕಳೆದ ವರ್ಷ, ಚಾಚಾನ ಹುಳುಗಳು ಸತ್ತ ಮೇಲೆ.

ಚಾಚಾ ಇರುವುದು ಸಾವನದುರ್ಗದ ಬುಡದ ಒಂದು ಹಳ್ಳಿಯಲ್ಲಿ. 1226 ಮೀಟರ್ ಎತ್ತರದ ಆ ಬಂಡೆ ಹಗಲೆಲ್ಲ ಬಿಸಿಲು ಕುಡಿಯುತ್ತದೆ. ಬೇಸಿಗೆಯಲ್ಲಿ ರಾತ್ರಿ ಒಂಬತ್ತಕ್ಕೆ ಕೈಯಿಟ್ಟರೂ ಕಲ್ಲು ಬೆಚ್ಚಗಿರುತ್ತದೆ. ಮನೆಯ ಹಿಂದೆ ಶೀಟು ಹೊದಿಸಿದ ಹುಳುಮನೆ ಇದೆ. ರೇಷ್ಮೆ ಹುಳುವಿನ ನಾಜೂಕು ನಮಗಿಂತ ಹೆಚ್ಚು. ಚಾಕಿ ಹುಳುವಿಗೆ 27-28 ಡಿಗ್ರಿ ಶಾಖ, ಶೇ. 85ರಷ್ಟು ತೇವ ಬೇಕು. ನಾಲ್ಕನೇ ಜ್ವರ ಎದ್ದ ಮೇಲೆ 24-25 ಡಿಗ್ರಿ ಸಾಕು, ತೇವ ಶೇ. 65-70 ದಾಟಬಾರದು. ಚಳಿಯಲ್ಲಿ ಇದ್ದಿಲ ಒಲೆ, ಬೇಸಿಗೆಯಲ್ಲಿ ನೆನೆಸಿದ ಗೋಣಿತಾಟು, ಇಷ್ಟರಲ್ಲೇ ಚಾಚಾ ನಿಭಾಯಿಸುತ್ತಿದ್ದರು.

ಕಳೆದ ಮೇ ತಿಂಗಳಲ್ಲಿ ಸಾಲ ಮಾಡಿ ದೊಡ್ಡ ಕೂಲರ್ ತಂದರು. ತಂಪು ಹೊರಗೆ ಹೋಗಬಾರದೆಂದು ಕಿಟಕಿಗಳಿಗೆಲ್ಲ ಪ್ಲಾಸ್ಟಿಕ್ ಕಟ್ಟಿದರು. ಒಳಗೆ ಕಾಲಿಟ್ಟರೆ ತಣ್ಣಗೆ ಹಿತವಾಗಿತ್ತು. ಐದಾರು ದಿನಕ್ಕೆ ಹುಳುಗಳು ಸೊಪ್ಪು ತಿನ್ನುವುದನ್ನು ಬಿಟ್ಟವು, ಮೈ ಮೆತ್ತಗಾಯಿತು. ಸಪ್ಪೆ ರೋಗ. ಚಂದ್ರಂಕಿಗೆ ಬಿಡಬೇಕಾದ ವಾರ ಬುಟ್ಟಿಗಟ್ಟಲೆ ಹುಳುಗಳನ್ನು ಗುಂಡಿಗೆ ಹಾಕಿ ಸುಣ್ಣ ಸುರಿದೆವು. ಮೊಟ್ಟೆಯೇ ಕೆಟ್ಟದ್ದು ಎಂದರು ಚಾಚಿ. ಯಾರೋ ಸೊಪ್ಪಿಗೆ ಔಷಧಿ ಹೊಡೆದಿದ್ದಾರೆ ಎಂದರು ಚಾಚಾ. ಅವರ ಲೆಕ್ಕದ ಪುಸ್ತಕ ಬರೆಯುವವರು ನಾವೇ ಆದ್ದರಿಂದ ಆ ತಿಂಗಳ ಆದಾಯದ ಕಾಲಂನಲ್ಲಿ ಸೊನ್ನೆ ಹಾಕಿದ್ದೂ ನಾನೇ.

ಕಾರಣ ಹುಡುಕುತ್ತಾ ಹೋದಾಗ ಸಿಕ್ಕವರು ವಿಲ್ಲಿಸ್ ಕ್ಯಾರಿಯರ್. ಅವರು ಹುಟ್ಟಿದ್ದು 1876ರ ನವೆಂಬರ್ 26ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಅಂಗೋಲಾ ಎಂಬ ಊರಿನ ಹತ್ತಿರ, ರೈತರ ಮನೆಯಲ್ಲಿ. ಶಾಲೆಯಲ್ಲಿ ಭಿನ್ನರಾಶಿ ತಲೆಗೆ ಹತ್ತದಿದ್ದಾಗ ಅವರ ತಾಯಿ ಸೇಬುಗಳನ್ನು ಅರ್ಧ, ಕಾಲು, ಅರೆಕಾಲು ಎಂದು ಕತ್ತರಿಸಿ ಕಲಿಸಿದರಂತೆ. ಹನ್ನೊಂದನೇ ವಯಸ್ಸಿಗೆ ಆ ತಾಯಿ ತೀರಿಕೊಂಡರು. ವಿದ್ಯಾರ್ಥಿವೇತನ ಪಡೆದು, ಜೊತೆಗೆ ಸಣ್ಣಪುಟ್ಟ ಕೆಲಸ ಮಾಡುತ್ತಾ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದಿ 1901ರಲ್ಲಿ ಇಂಜಿನಿಯರ್ ಆದರು. ಬಫಲೋ ಫೋರ್ಜ್ ಕಂಪನಿ ಸೇರಿದಾಗ ಸಂಬಳ ವಾರಕ್ಕೆ 10 ಡಾಲರ್.

ತಮಾಷೆಯೆಂದರೆ, ತಂಪಿಗೆ ಹೆಸರಾದ ಇವರು ಮೊದಲು ಮಾಡಿದ್ದು ಶಾಖದ ಕೆಲಸ. ಉಗಿ ಹರಿಯುವ ಕೊಳವೆಗಳ ಮೇಲೆ ಗಾಳಿ ಹಾಯಿಸಿದರೆ ಅದು ಎಷ್ಟು ಬಿಸಿಯಾಗುತ್ತದೆ ಎಂದು ಅಳೆದು ಪಟ್ಟಿ ಮಾಡಿದರು. ಅದುವರೆಗೆ ಎಲ್ಲರೂ ಅಂದಾಜಿನ ಮೇಲೆಯೇ ನಡೆಸುತ್ತಿದ್ದರು.

1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಿಂದ ದೂರು ಬಂತು. ಬಣ್ಣದ ಚಿತ್ರ ಅಚ್ಚು ಹಾಕಬೇಕಾದರೆ ಒಂದೇ ಕಾಗದ ಹಲವು ಸಲ ಯಂತ್ರಕ್ಕೆ ಹೋಗಬೇಕು. ಸೆಕೆಗಾಲದ ತೇವಕ್ಕೆ ಕಾಗದ ಹಿಗ್ಗುತ್ತಿತ್ತು, ಬಣ್ಣ ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ತಣ್ಣನೆಯ ಕೊಳವೆಗಳ ಮೇಲೆ ಗಾಳಿ ಹಾಯಿಸಿ ತೇವವನ್ನು ಶೇ. 55ಕ್ಕೆ ನಿಲ್ಲಿಸುವ ಏರ್ಪಾಟನ್ನು ಕ್ಯಾರಿಯರ್ ರೂಪಿಸಿದರು. ಹೀಗೆ ಏರ್ ಕಂಡಿಷನರ್ ಹುಟ್ಟಿದ್ದು ಮನುಷ್ಯರಿಗಾಗಿ ಅಲ್ಲ, ಕಾಗದಕ್ಕಾಗಿ!

ಆಮೇಲಿನ ಸಂಗತಿಯನ್ನು ನಾನು ಎರಡು ಸಲ ಓದಿದೆ. ಪಿಟ್ಸ್‌ಬರ್ಗ್ ರೈಲು ನಿಲ್ದಾಣದಲ್ಲಿ ಮಂಜು ಕವಿದ ರಾತ್ರಿ ಗಾಡಿಗೆ ಕಾಯುತ್ತಿದ್ದಾಗ ಅವರಿಗೆ ಒಂದು ವಿಷಯ ಹೊಳೆಯಿತು. ಮಂಜೆಂದರೆ ನೀರು ತುಂಬಿ ತುಳುಕುವ ಗಾಳಿ. ಎಷ್ಟು ಡಿಗ್ರಿಯಲ್ಲಿ ತುಂಬುತ್ತದೆ ಎಂಬುದು ನಮ್ಮ ಕೈಯಲ್ಲಿದ್ದರೆ ಗಾಳಿಯಲ್ಲಿ ಎಷ್ಟು ನೀರಿರಬೇಕು ಎಂಬುದೂ ನಮ್ಮ ಕೈಯಲ್ಲೇ. ಸಾಕಷ್ಟು ತಣ್ಣಗಿರುವ ನೀರನ್ನು ಚಿಮುಕಿಸಿದರೆ ಗಾಳಿಯ ತೇವ ಆ ಹನಿಗಳ ಮೇಲೆಯೇ ಇಳಿದು ಗಾಳಿ ಒಣಗುತ್ತದೆ. ನೀರು ಅಷ್ಟು ತಣ್ಣಗಿಲ್ಲದಿದ್ದರೆ ತೇವ ಏರುತ್ತದೆ. 1906ರಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿತು.

ಇಲ್ಲಿಯೇ ನನಗೆ ಚಾಚಾನ ಕೂಲರ್ ಅರ್ಥವಾದದ್ದು. ಅದರ ತೊಟ್ಟಿಯ ನೀರು ಅಷ್ಟು ತಣ್ಣಗಿರುವುದಿಲ್ಲ. ನೀರು ಆವಿಯಾಗುವಾಗ ಗಾಳಿಯ ಬಿಸಿ ಇಳಿಯುತ್ತದೆ, ಆದರೆ ಆ ಆವಿ ಕೋಣೆಯಲ್ಲೇ ಉಳಿಯುತ್ತದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದೇ ಗಾಳಿ ಮತ್ತೆ ಮತ್ತೆ ಸುತ್ತಿ ತೇವ ಏರುತ್ತಲೇ ಹೋಯಿತು. ನಾವು ಶಾಖವನ್ನು ಮಾತ್ರ ನೋಡಿದೆವು, ತೇವವನ್ನು ಯಾರೂ ಅಳೆಯಲಿಲ್ಲ.

1907ರಲ್ಲಿ ಅವರ ಯಂತ್ರ ಮೊದಲ ಬಾರಿಗೆ ಹೊರದೇಶಕ್ಕೆ ಹೋದದ್ದು ಜಪಾನಿನ ಯೊಕೊಹಾಮಾದ ರೇಷ್ಮೆ ಗಿರಣಿಗೆ. ರಾಮನಗರದವರಿಗೆ ಇದು ಓದಲು ಖುಷಿ ಕೊಡುವ ವಿಷಯ. 1911ರಲ್ಲಿ ಶಾಖ ಮತ್ತು ತೇವಗಳ ಸಂಬಂಧದ ಸೂತ್ರಗಳನ್ನು ಅಮೆರಿಕದ ಇಂಜಿನಿಯರುಗಳ ಸಂಘದ ಮುಂದಿಟ್ಟರು. ಇಂದಿಗೂ ಈ ಲೆಕ್ಕಕ್ಕೆ ಅದೇ ಬುನಾದಿ.

ಕಾಮರ್ಸ್ ಓದುವವರು ಗಮನಿಸಬೇಕಾದದ್ದು ಮುಂದಿನ ಭಾಗ. ಮೊದಲ ಮಹಾಯುದ್ಧ ಶುರುವಾದಾಗ ಬಫಲೋ ಫೋರ್ಜ್ ಈ ವಿಭಾಗವನ್ನೇ ಕೈಬಿಡಲು ಹೊರಟಿತು. 1915ರಲ್ಲಿ ಕ್ಯಾರಿಯರ್ ಸೇರಿ ಏಳು ಜನ ಇಂಜಿನಿಯರುಗಳು 32,600 ಡಾಲರ್ ಒಟ್ಟುಮಾಡಿ ಸ್ವಂತ ಕಂಪನಿ ತೆರೆದರು. ಯುದ್ಧದ ಕಾಲದಲ್ಲಿ ಅಂಥ ಧೈರ್ಯ ನನಗಂತೂ ಬರುತ್ತಿರಲಿಲ್ಲ. 1922ರಲ್ಲಿ ದೊಡ್ಡ ಕಟ್ಟಡಗಳನ್ನು ತಂಪು ಮಾಡುವ ಹೊಸ ಯಂತ್ರ ತೋರಿಸಿದರು. 1925ರಲ್ಲಿ ನ್ಯೂಯಾರ್ಕಿನ ರಿವೋಲಿ ಚಿತ್ರಮಂದಿರಕ್ಕೆ ಅದನ್ನು ಹಾಕಿದ ಮೊದಲ ದಿನ, ಜನ ಅಭ್ಯಾಸಬಲದಿಂದ ಬೀಸಣಿಗೆ ಹಿಡಿದೇ ಬಂದಿದ್ದರು. ಸ್ವಲ್ಪ ಹೊತ್ತಿಗೆ ಒಂದೊಂದಾಗಿ ಬೀಸಣಿಗೆಗಳು ಮಡಿಲಿಗೆ ಇಳಿದವು. 1928ರಲ್ಲಿ ಮನೆಗಳಿಗಾಗಿಯೂ ಒಂದು ಯಂತ್ರ ತಂದರು. ಆದರೆ ಮರುವರ್ಷವೇ ಆರ್ಥಿಕ ಕುಸಿತ, ಕೊಳ್ಳುವವರು ಯಾರು? ಏರ್ ಕಂಡಿಷನರ್ ಮನೆಮನೆಗೆ ಬಂದದ್ದು ಎರಡನೇ ಮಹಾಯುದ್ಧದ ನಂತರ. ಅದನ್ನು ಪೂರ್ತಿ ನೋಡಲು ಅವರು ಉಳಿಯಲಿಲ್ಲ. 1950ರ ಅಕ್ಟೋಬರ್ 7ರಂದು ತೀರಿಕೊಂಡರು.

ಹುಳುಮನೆಗೆ ಏರ್ ಕಂಡಿಷನರ್ ಹಾಕುವ ತಾಕತ್ತು ಚಾಚಾಗೆ ಇಲ್ಲ. ಹದಿನೇಳು ವರ್ಷದವರ ಮಾತು ಕೇಳಬೇಕೇ ಎಂದು ಮೊದಲು ಮುಖ ತಿರುಗಿಸಿದರು. ಕೊನೆಗೆ ಪ್ಲಾಸ್ಟಿಕ್ ಬಿಚ್ಚಿಸಿ, ಕೂಲರ್ ಎದುರಿನ ಗೋಡೆಗೆ ಎಕ್ಸಾಸ್ಟ್ ಫ್ಯಾನ್ ಕೂರಿಸಿದೆವು. ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿದೆವು. ಪಾಚಿ ಕಟ್ಟಿದ ಕೂಲರ್ ಪ್ಯಾಡ್ ತೊಳೆಯುವುದು ಭಾನುವಾರದ ನನ್ನ ಕೆಲಸ. ಗೋಡೆಯಲ್ಲಿ ಎರಡು ಥರ್ಮಾಮೀಟರ್ ಇವೆ, ಒಂದರ ಬುಡಕ್ಕೆ ಒದ್ದೆ ಬಟ್ಟೆ. ಎರಡರ ನಡುವಿನ ಅಂತರ ನೋಡಿ ತೇವ ಎಷ್ಟೆಂದು ಪಟ್ಟಿಯಲ್ಲಿ ಹುಡುಕಬೇಕು. ಅಂತರ ಕಡಿಮೆಯಾದರೆ ಕೂಲರ್ ಬಂದ್, ಫ್ಯಾನ್ ಚಾಲೂ.

ಈ ಏಪ್ರಿಲ್‌ನಲ್ಲಿ ಹುಳು ಹಣ್ಣಾಗಿ ಚಂದ್ರಂಕಿ ಏರಿದವು. ಗೂಡು ರಾಮನಗರದ ಮಾರುಕಟ್ಟೆಗೆ ಹೋಯಿತು. ಕೂಲರ್ ಸಾಲದ ಎರಡು ಕಂತು ಇನ್ನೂ ಬಾಕಿ ಇದೆ. ರಾತ್ರಿ ಫೋನ್ ಮಾಡಿದಾಗ ಚಾಚಾ ಸಲಾಂ ಆದ ಕೂಡಲೇ ಎರಡು ಸಂಖ್ಯೆ ಹೇಳುತ್ತಾರೆ. ನಾನು ಲೆಕ್ಕದ ಪುಸ್ತಕದ ಅಂಚಿನಲ್ಲಿ ಬರೆದುಕೊಳ್ಳುತ್ತೇನೆ.