ಬೆಂಕಿಯನ್ನು ಅಳೆದ ಕುಂಬಾರ



ನಮ್ಮದು ಕುಂಬಾರರ ಮನೆ ಅಂತ ನಿಮಗೆಲ್ಲ ಗೊತ್ತು. ಹೋದ ಬೇಸಿಗೆಯಲ್ಲಿ ನಮ್ಮ ಆವಿಗೆ ತೆಗೆದಾಗ ಅರ್ಧದಷ್ಟು ಮಡಕೆ ಬೆಂದಿರಲೇ ಇಲ್ಲ. ತಟ್ಟಿದರೆ ಟಣ್ ಅನ್ನಬೇಕಾದವು ದಬ್ ಅಂದವು. ಒಂದು ತಿಂಗಳ ದುಡಿಮೆ ಹೋಯಿತು. ಬೆಂಕಿ ಸಾಕಾಯಿತು ಅಂತ ಹೇಗೆ ಗೊತ್ತಾಗುತ್ತೆ ಎಂದು ತಾತನನ್ನು ಕೇಳಿದೆ. ಉರಿಯ ಬಣ್ಣ ನೋಡಿ ತಿಳಿಯಬೇಕು ಅಂದರು. ಇದೇ ಪ್ರಶ್ನೆಯನ್ನು ಬೆನ್ನು ಹತ್ತಿದ ಒಬ್ಬರ ಜೀವನವನ್ನು ಆಮೇಲೆ ಓದಿದೆ. ಅವರೇ ಜೋಸೈಯ ವೆಜ್‌ವುಡ್.

ಇವರು 1730ರಲ್ಲಿ ಇಂಗ್ಲೆಂಡಿನ ಬರ್ಸ್ಲೆಮ್ ಎಂಬ ಊರಿನಲ್ಲಿ, ಕುಂಬಾರರ ಮನೆಯಲ್ಲೇ ಹುಟ್ಟಿದರು. 1739ರಲ್ಲಿ ತಂದೆ ತೀರಿಕೊಂಡರು. ಹುಡುಗನಾಗಿದ್ದಾಗಲೇ ಸಿಡುಬು ಬಂದು ಬಲ ಮಂಡಿ ಕೆಟ್ಟಿತು. ಕಾಲಿನಿಂದ ತುಳಿದು ತಿಗರಿ ತಿರುಗಿಸಲು ಆಗದಂತಾಯಿತು. ತಿಗರಿ ಇಲ್ಲದ ಕುಂಬಾರ ಏನು ಮಾಡಬೇಕು? ಇವರು ಮಣ್ಣು, ಗ್ಲೇಜು, ಬೆಂಕಿ ಇವುಗಳ ಪರೀಕ್ಷೆಗೆ ಇಳಿದರು. 1768ರಲ್ಲಿ ಆ ಕಾಲನ್ನೇ ಕತ್ತರಿಸಿ ತೆಗೆದರು. ಆಗ ಅರಿವಳಿಕೆ ಮದ್ದು ಇರಲಿಲ್ಲ! ಆದರೂ ಮಾರನೇ ವರ್ಷವೇ ಎಟ್ರೂರಿಯ ಎಂಬ ದೊಡ್ಡ ಕಾರ್ಖಾನೆ ಶುರು ಮಾಡಿದರು.

ಮಣ್ಣು ಬೇಯುವುದು ಅಂದರೇನು? ಸುಮಾರು 600 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮಣ್ಣಿನ ಕಣದೊಳಗೆ ಕೂಡಿಕೊಂಡಿದ್ದ ನೀರೂ ಹೋಗುತ್ತದೆ. ಆಮೇಲೆ ನೆನೆಸಿದರೂ ಅದು ಕೆಸರಾಗುವುದಿಲ್ಲ. ಶಾಖ ಇನ್ನೂ ಏರಿದರೆ ಕಣಗಳು ಬೆಸೆದು, ಮಣ್ಣು ಗಟ್ಟಿಯಾಗಿ ಕುಗ್ಗುತ್ತದೆ. 1200 ಡಿಗ್ರಿಗೆ ಹೋದರೆ ಸಾಮಾನ್ಯ ಕೆಂಪು ಮಣ್ಣು ಉಬ್ಬಿ ಸೊಟ್ಟಗಾಗುತ್ತದೆ. ಪಿಂಗಾಣಿಗಾದರೋ 1300ರ ಹತ್ತಿರ ಬೇಕು. ಗ್ಲೇಜು ಅಂದರೆ ಪಾತ್ರೆಯ ಮೇಲಿನ ಗಾಜಿನ ಪದರ. ಶಾಖ ಕಡಿಮೆಯಾದರೆ ಅದು ಕರಗದೆ ಒರಟಾಗಿ ಉಳಿಯುತ್ತದೆ. ಹೆಚ್ಚಾದರೆ ಸೋರಿ ಕೆಳಗೆ ಅಂಟಿಕೊಳ್ಳುತ್ತದೆ.

ಆದರೆ ಅಷ್ಟು ಶಾಖದಲ್ಲಿ ಪಾದರಸದ ಥರ್ಮಾಮೀಟರ್ ಉಳಿಯುವುದಿಲ್ಲ. ವೆಜ್‌ವುಡ್ ಮಣ್ಣನ್ನೇ ಅಳತೆಗೋಲು ಮಾಡಿದರು! ಒಂದೇ ಅಳತೆಯ ಸಣ್ಣ ಮಣ್ಣಿನ ತುಂಡುಗಳನ್ನು ಗೂಡಿನಲ್ಲಿಟ್ಟು, ತೆಗೆದ ಮೇಲೆ ಕಿರಿದಾಗುತ್ತಾ ಹೋಗುವ ಒಂದು ಹಿತ್ತಾಳೆ ಸಂದಿಯಲ್ಲಿ ಜಾರಿಸುತ್ತಿದ್ದರು. ಹೆಚ್ಚು ಶಾಖ ತಿಂದ ತುಂಡು ಹೆಚ್ಚು ಕುಗ್ಗಿ, ಹೆಚ್ಚು ದೂರ ಜಾರುತ್ತಿತ್ತು. ಇದನ್ನು 1782ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ತಿಳಿಸಿದರು. ಮಾರನೇ ವರ್ಷ ಅದರ ಸದಸ್ಯರಾದರು. ಅವರು ಲೆಕ್ಕ ಹಾಕಿದ ಡಿಗ್ರಿಗಳು ನಿಜಕ್ಕಿಂತ ಬಹಳ ಜಾಸ್ತಿ ಎಂದು ಆಮೇಲೆ ತಿಳಿಯಿತು. ಆದರೂ ಒಂದು ಸುಡುವಿಕೆಯನ್ನು ಇನ್ನೊಂದರ ಜೊತೆ ಹೋಲಿಸಲು ಆ ಉಪಾಯ ಸಾಕಾಗಿತ್ತು. 1795ರಲ್ಲಿ ಅವರು ತೀರಿಕೊಂಡರು. ವಿಜ್ಞಾನಿ ಚಾರ್ಲ್ಸ್ ಡಾರ್ವಿನ್ ಅವರ ಮಗಳ ಮಗ.

ನನಗೆ ಬಹಳ ಹಿಡಿಸಿದ್ದು ಇನ್ನೊಂದು ವಿಷಯ. ಅವರು ಸಾವಿರಾರು ಪರೀಕ್ಷೆ ಮಾಡಿದರು. ಒಂದೊಂದು ತುಂಡಿಗೂ ನಂಬರ್ ಹಾಕಿ ಪುಸ್ತಕದಲ್ಲಿ ಬರೆದಿಟ್ಟರು. ಗೂಡಿನಲ್ಲಿ ಯಾವ ಜಾಗದಲ್ಲಿ ಇಡಬೇಕು ಅನ್ನುವುದನ್ನೂ ಕೆಲವು ತುಂಡುಗಳ ಮೇಲೆ ಗುರುತು ಮಾಡಿದ್ದರು. ಕೆಟ್ಟುಹೋದದ್ದನ್ನೂ ಅವರು ದಂಡ ಅನ್ನಲಿಲ್ಲ.

ಈ ಸಲ ಆವಿಗೆ ಹೂಡುವಾಗ ನಾನೂ ಮಡಕೆಗಳ ತಳದಲ್ಲಿ ಗೀಟು ಹಾಕುತ್ತೇನೆ. ಒಂದು ಗೀಟು ನಡುವಿಗೆ, ಎರಡು ಅಂಚಿಗೆ, ಮೂರು ಮೇಲಿನ ಸಾಲಿಗೆ. ಯಾವ ಮೂಲೆಯವು ದಬ್ ಅಂತಾವೋ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಇದನ್ನು ಹೇಳಿದಾಗ ತಾತ ನಕ್ಕರು. ಆಮೇಲೆ ಅವರೇ ಒಂದು ಚೂಪು ಕಡ್ಡಿ ಹುಡುಕಿ ಕೊಟ್ಟರು.